ಬಾಣಂತಿಯಿಲ್ಲದ ನ್ಕುಯ್

ಹೆತ್ತು ವಾರ ತುಂಬುವ ಮೊದಲೇ ನನ್ನ ಸವತಿ ಜುಯ್ಜೆ ಸತ್ತಳು. ಜ್ವರದಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, "ಅಕ್ಕ, ಮಗೂನ ನೀನೇ ನೋಡ್ಕೋ" ಎಂದಳು. ನೋಡಿಕೊಳ್ಳುವುದೇನೋ ಸರಿ, ಹಾಲನ್ನು ಯಾರಪ್ಪನ ಮನೆಯಿಂದ ತರಲಿ ಎಂದು ಕೇಳುವಷ್ಟರಲ್ಲಿ ಅವಳ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಯಾವಾಗಲೂ ಹಾಗೆಯೇ ಅವಳು. ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದು, ಉಳಿದದ್ದನ್ನು ದೊಡ್ಡವಳು ಮಾಡಲಿ ಎನ್ನುವುದು. ಆ ದಿನವೆಲ್ಲ ಅವಳನ್ನು ಬೈದುಕೊಂಡೇ ಅತ್ತೆ.

ಆಗ ನಾವಿದ್ದದ್ದು ಶಿಬಿರದಲ್ಲಿ. ಕ್ಯಾಮರೂನಿಗೆ ಸ್ವಾತಂತ್ರ್ಯ ಬಂತು ಎಂದು ರೇಡಿಯೋದಲ್ಲಿ ಡಂಗುರ ಹೊಡೆದ ವರ್ಷವೇ ನಮ್ಮ ಮನೆಗಳಿಗೆ ಬೆಂಕಿ ಬಿತ್ತು. ಕಾಡಿನಲ್ಲಿ ಅಡಗಿರುವ ಬಂಡಾಯಗಾರರಿಗೆ ಬಾಮಿಲೆಕೆ ಬೆಟ್ಟದವರೆಲ್ಲ ಊಟ ಹಾಕುತ್ತಿದ್ದಾರೆ ಎಂಬುದು ಸರಕಾರದ ಲೆಕ್ಕ. ಬೆಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ಇದ್ದ ಮನೆಗಳನ್ನು ಸುಟ್ಟು, ನಮ್ಮನ್ನೆಲ್ಲ ಮೋಟಾರು ರಸ್ತೆಯ ಬದಿಗೆ ತಂದು ಗುಡ್ಡೆ ಹಾಕಿದರು. ಸುತ್ತ ಮುಳ್ಳುತಂತಿ, ಅದರಾಚೆ ಕಂದಕ, ಇರುವುದೊಂದೇ ಗೇಟು. ಬೆಳಿಗ್ಗೆ ಸೀಟಿ ಊದಿದರೆ ಹೆಂಗಸರು ಹೊಲಕ್ಕೆ ಹೋಗಬಹುದು, ಮಧ್ಯಾಹ್ನದ ಸೀಟಿಗೆ ಮುಂಚೆ ಒಳಗಿರಬೇಕು. ತಡವಾಗಿ ಬಂದವರನ್ನು ಕಾಡಿನವರೆಂದೇ ತಿಳಿಯುತ್ತಿದ್ದರು.

ನಮ್ಮ ಗಂಡ ನುಬಿಸಿ ಮನೆ ಸುಟ್ಟ ದಿನವೇ ಕಾಡು ಸೇರಿದ. ಆಗ ಜುಯ್ಜೆಗೆ ಮುಟ್ಟು ನಿಂತು ಸ್ವಲ್ಪ ದಿನವಾಗಿತ್ತಷ್ಟೆ. ಅದು ಅವನಿಗೂ ಗೊತ್ತಿತ್ತು. ಶಿಬಿರದ ಗೇಟಿನಲ್ಲಿ ಗಂಡ ಎಲ್ಲಿ ಎಂದು ಕೇಳಿದಾಗ, ಕರಾವಳಿಯ ಬಾಳೆ ತೋಟಕ್ಕೆ ಕೂಲಿಗೆ ಹೋಗಿದ್ದಾನೆ ಎಂದು ನಾನು ಹೇಳಿದೆ. ನನ್ನ ಹಿಂದೆ ನಿಂತಿದ್ದ ಜುಯ್ಜೆಯೂ ಹಾಗೆಯೇ ಹೇಳಿದಳು, ನಮ್ಮ ಅತ್ತೆಯೂ ಹಾಗೆಯೇ ಹೇಳಿದರು. ಕಾಡಿನವನ ಮನೆಯವರೆಂದು ಗೊತ್ತಾದವರನ್ನು ಲಾರಿಯಲ್ಲಿ ಹಾಕಿಕೊಂಡು ದೊಡ್ಡ ಠಾಣೆಗೆ ಒಯ್ಯುತ್ತಿದ್ದರು. ವಾಪಸು ಬರುತ್ತಿದ್ದದ್ದು ಲಾರಿ ಮಾತ್ರ.

ಇಂಥ ಜಾಗದಲ್ಲಿ ತಾಯಿಯಿಲ್ಲದ ಒಂದು ಹೆಣ್ಣು ಕೂಸು ನನ್ನ ಮಡಿಲಿಗೆ ಬಿತ್ತು. ಒಂದು ಗೆಣಸಿನಷ್ಟು ಉದ್ದ, ಅಷ್ಟೇ ತೂಕ. ಪಕ್ಕದ ಗುಡಿಸಲಿನ ಮೆಲಿ ಆಗಷ್ಟೇ ಹೆತ್ತವಳು. ಪಾಪ, ಮೊದಮೊದಲು ಹಗಲಿಗೊಮ್ಮೆ ರಾತ್ರಿಗೊಮ್ಮೆ ಹಾಲು ಕೊಟ್ಟಳು. ಆಮೇಲೆ ನಮ್ಮ ಮಗು ಅತ್ತಾಗಲೆಲ್ಲ ತನ್ನ ಬಾಗಿಲು ಮುಂದೆ ಮಾಡಿಕೊಳ್ಳತೊಡಗಿದಳು. ಕೊನೆಗೆ ಒಂದು ದಿನ ಬಂದು ತಲೆ ತಗ್ಗಿಸಿ ನಿಂತಳು.

"ಅಕ್ಕ, ತಪ್ಪು ತಿಳ್ಕೋಬೇಡಿ. ನನ್ನ ಮಗೂಗೇ ಸಾಲ್ತಿಲ್ಲ. ಹೊಟ್ಟೆಗೆ ಹಿಟ್ಟಿದ್ರೆ ತಾನೆ ಎದೇಲಿ ಹಾಲು? ದಿನಕ್ಕೊಂದು ಸಲ ಬೇಕಾದ್ರೆ ಕೊಡ್ತೀನಿ. ಅದಕ್ಕಿಂತ ಆಗಲ್ಲ."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಬಾಗಿಲಿಗೆ ಕಲ್ಲನ್ನೂ ಒರಗಿಸುತ್ತಿದ್ದೆ. ಜೋಳದ ಗಂಜಿಯ ತಿಳಿಯನ್ನು ಬಟ್ಟೆಯ ಚೂರಿನಲ್ಲಿ ಅದ್ದಿ ಮಗುವಿನ ಬಾಯಿಗೆ ಹಿಂಡಿದೆ. ಕುಡಿದದ್ದೆಲ್ಲ ಹಿಂದಿನಿಂದ ನೀರಾಗಿ ಹೋಯಿತು. ನೆತ್ತಿ ಗುಳಿಬಿತ್ತು. ಅಳುವ ದನಿಯೂ ಸಣ್ಣದಾಗುತ್ತ ಬಂತು, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಇನ್ನು ನಾಲ್ಕು ದಿನ ಹೀಗೇ ಹೋದರೆ ಜುಯ್ಜೆಯ ಪಕ್ಕದಲ್ಲೇ ಇದಕ್ಕೂ ಗುಂಡಿ ತೋಡಬೇಕಾಗುತ್ತದೆ ಎಂದು ನನಗೆ ಸ್ಪಷ್ಟವಾಗಿ ಕಂಡಿತು.

ಆ ಮಧ್ಯಾಹ್ನ ಮಗುವನ್ನು ಎದೆಗೆ ಒರಗಿಸಿಕೊಂಡು ಕೂತಿದ್ದಾಗ ಅದು ತಡಕಾಡಿ ನನ್ನ ಒಣ ಮೊಲೆಗೆ ಬಾಯಿ ಹಾಕಿತು. ಎಳೆಯಿತು. ನೋವಾಯಿತು. ನಾನೂ ಮೂರು ಹೆತ್ತವಳೇ. ಎರಡು ಮಣ್ಣಿಗೆ ಹೋದವು, ಬದುಕಿದ ಒಬ್ಬಳು ಮದುವೆಯಾಗಿ ಬೆಟ್ಟದಾಚೆಗೆ ಹೋದಳು. ಅವಳಿಗೆ ಮೊಲೆ ಬಿಡಿಸಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಆ ನೋವಿನ ಪರಿಚಯ ಮೈಗೆ ಮರೆತುಹೋಗಿರಲಿಲ್ಲ. ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆಯ ಕಡೆ ತಿರುಗಿದೆ. ಅವರಿಗೆ ಹಲ್ಲೂ ಇಲ್ಲ, ನಡೆಯಲು ಕಾಲಿನಲ್ಲಿ ಶಕ್ತಿಯೂ ಇಲ್ಲ. ನಾಲಿಗೆ ಮಾತ್ರ ಚೂಪಾಗಿತ್ತು.

"ಅತ್ತೆ, ನ್ಕುಯ್ ಕುಡಿದ್ರೆ ನಂಗೆ ಹಾಲು ಬರುತ್ತಾ?"

"ಹೋರಿಗೆ ಕುಡಿಸಿದ್ರೂ ಹಾಲು ಕರೀಬಹುದು ಅಂತಿದ್ಲು ನಮ್ಮವ್ವ. ನಿಂಗ್ಯಾಕೆ ಬರಲ್ಲ? ಮಗು ಎಳೀತಾ ಇರಬೇಕು, ನೀನು ಕುಡೀತಾ ಇರಬೇಕು. ಎರಡ್ರಲ್ಲಿ ಒಂದು ಬಿಟ್ರೂ ಆಗಲ್ಲ."

ನ್ಕುಯ್ ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಗಿಡ. ಅದನ್ನು ಯಾರೂ ನೆಟ್ಟದ್ದಿಲ್ಲ, ನೀರು ಹಾಕಿದ್ದಿಲ್ಲ. ಅದರ ಮುಳ್ಳುಕಾಯಿ ಬಟ್ಟೆಗೆ ಅಂಟಿಕೊಂಡು ಹೋದಲ್ಲೆಲ್ಲ ಬರುತ್ತದೆ. ಗಂಡಸರಿಗೆ ಅದರ ನಾರು ಬೇಕು, ಬೇಲಿ ಕಟ್ಟುವುದಕ್ಕೆ, ಹೊರೆ ಬಿಗಿಯುವುದಕ್ಕೆ. ಹೆಂಗಸರಿಗೆ ಹಸಿ ತೊಗಟೆಯ ಲೋಳೆ ಬೇಕು. ಹೆರಿಗೆ ತಡವಾದರೆ ಅದನ್ನೇ ಕುಡಿಸುತ್ತೇವೆ, ಹೆತ್ತ ಮೇಲೆ ಅದನ್ನೇ ಮಸಾಲೆ ಹಾಕಿ ಸಾರು ಮಾಡಿ ಬಾಣಂತಿಗೆ ಉಣ್ಣಿಸುತ್ತೇವೆ. ಆ ಸಾರಿಗೂ ನ್ಕುಯ್ ಎಂದೇ ಹೆಸರು. ಜುಯ್ಜೆ ಜ್ವರದಲ್ಲಿ ಒಂದು ಗುಟುಕನ್ನೂ ಕಾಣದೆ ಹೋದಳು.

ವಿಷಯ ತಿಳಿದು ನಮ್ಮ ಗುಡಿಸಲು ಸಾಲಿನ ಹೆಂಗಸರು ಬಂದು ಮುತ್ತಿಕೊಂಡರು. ಸಾವಿನ ಮನೆಯಲ್ಲಿ ತಲೆ ಬೋಳಿಸಿಕೊಂಡು ನೆಲದ ಮೇಲೆ ಕೂತವರು ಬಾಣಂತಿಯ ಅಡುಗೆ ಒಲೆಯ ಮೇಲಿಡುವುದುಂಟೇ ಎಂದು ಗುಜುಗುಜು ಎಂದರು. ಒಬ್ಬಳಂತೂ ನನ್ನ ಮುಖಕ್ಕೇ, "ಸವತಿ ಸತ್ತಿದ್ದಕ್ಕೆ ಹಬ್ಬ ಮಾಡ್ತಿದಾಳೆ ಅಂತಾರೆ ನೋಡಿ" ಎಂದಳು. ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮುಂಚೆ ಅತ್ತೆಯೇ ಮೂಲೆಯಿಂದ ಮಾತಾಡಿದರು.

"ಸತ್ತೋಳು ನಂಗೂ ಸೊಸೆ ಕಣ್ರೇ. ಅಲ್ಲಿ ಹೋದ ಮೇಲೆ ಅವಳಿಗೆ ಉತ್ತರ ಹೇಳೋಳು ನಾನು, ನೀವಲ್ಲ. ನಿಮ್ಮಲ್ಲಿ ಯಾರಾದ್ರೂ ಈ ಮಗೂಗೆ ಮೊಲೆ ಕೊಡೋಕೆ ತಯಾರಿದ್ರೆ ಈಗ್ಲೇ ಕೂತ್ಕೊಳಿ. ಇಲ್ದಿದ್ರೆ ಎದ್ದು ಹೋಗಿ, ಗಾಳಿ ಬರಲಿ."

ಯಾರೂ ಕೂರಲಿಲ್ಲ.

ಸಮಸ್ಯೆ ಇದ್ದದ್ದು ಗೇಟಿನದು. ಹೊಲಗಳಿರುವುದು ರಸ್ತೆಯ ಪಕ್ಕ, ಸಿಪಾಯಿಗಳ ಕಣ್ಣೆದುರು. ನ್ಕುಯ್ ಇರುವುದು ಬೆಟ್ಟದ ಬುಡದಲ್ಲಿ, ನಮ್ಮ ಸುಟ್ಟ ಮನೆಯ ಹಿಂದಿನ ಹಳ್ಳದಲ್ಲಿ. ಅತ್ತ ಕಾಲಿಡಬೇಕಾದರೆ ನಮ್ಮ ಸಾಲಿನ ಮುಖಂಡ ಚುಯೆಂತೆ ಗೇಟಿನವರಿಗೆ ಒಂದು ಮಾತು ಹೇಳಬೇಕು. ಅವನು ನಮ್ಮ ಊರಿನವನೇ. ಸಿಪಾಯಿಗಳ ಭಾಷೆ ಬರುತ್ತದೆಂದು ಅವನನ್ನು ಮುಖಂಡ ಮಾಡಿದ್ದರು. ಅವನು ಎದುರಿಗೆ ಬಂದರೆ ಎಲ್ಲರೂ ಹಲ್ಲು ಕಿರಿಯುತ್ತಿದ್ದರು, ಬೆನ್ನು ತಿರುಗಿಸಿದರೆ ಉಗುಳುತ್ತಿದ್ದರು. ನಾನೂ ಉಗುಳಿದವಳೇ. ಈಗ ಅವನ ಮುಂದೆಯೇ ಹೋಗಿ ನಿಂತೆ.

"ಮಾಕಾಮ್ತೆ, ನಿಂಗೆ ತಲೆ ಸರಿ ಇದೆಯಾ?" ಎಂದ. "ಹಳ್ಳದ ಕಡೆ ಹೋದ್ರೆ ಕಾಡಿನವರಿಗೆ ಹಿಟ್ಟು ಕೊಡೋಕೆ ಹೋದ್ಲು ಅಂತಾರೆ. ನಿನ್ನ ಜೊತೆ ನನ್ನ ಕುತ್ತಿಗೇನೂ ಹೋಗುತ್ತೆ."

"ನನ್ನ ಮನೇಲಿ ಹಿಟ್ಟಿದ್ರೆ ನಾನೇ ತಿಂತಿದ್ದೆ. ಬೇಕಾದ್ರೆ ಗೇಟಲ್ಲಿ ಬಟ್ಟೆ ಬಿಚ್ಚಿ ನೋಡ್ಲಿ. ಬೋಳುತಲೆ ಮುದುಕಿ ಹತ್ರ ಏನಿರುತ್ತೆ?"

"ಬಾಯಿ ಕಡಿಮೆ ಮಾಡು."

"ಬಾಯಿ ಕಡಿಮೆ ಮಾಡಿದ್ರೆ ಮಗು ಬದುಕುತ್ತಾ ಹೇಳು, ಇವತ್ತಿಂದ ಮೂಗಿ ಆಗ್ತೀನಿ. ಚುಯೆಂತೆ, ನೀನೂ ನ್ಕುಯ್ ಕುಡಿದ ಎದೇಲೇ ಬೆಳೆದೋನು. ನಿಮ್ಮವ್ವಂಗೆ ಆ ಗಿಡ ಯಾವ ಸಿಪಾಯಿ ತಂದ್ಕೊಟ್ಟಿದ್ದ?"

ಅವನು ಗೇಟಿನ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ, "ಸೀಟಿಗೆ ಮುಂಚೆ ಬಂದುಬಿಡು" ಎಂದು ಎದ್ದು ಹೋದ.

ಮರುದಿನ ಹೋದೆ. ನಮ್ಮ ಮನೆ ಇದ್ದಲ್ಲಿ ನಾಲ್ಕು ಕರಿ ಕಂಬ, ಅಂಗಳದ ತುಂಬ ಹುಲ್ಲು. ನೋಡುತ್ತ ನಿಲ್ಲುವ ಪುರುಸೊತ್ತು ಇರಲಿಲ್ಲ. ನೇರ ಹಳ್ಳಕ್ಕಿಳಿದೆ. ಕಡಿಯುವವರಿಲ್ಲದೆ ನ್ಕುಯ್ ಆಳೆತ್ತರ ಬೆಳೆದು ನಿಂತಿತ್ತು. ಸಾಮಾನ್ಯವಾಗಿ ಕಡ್ಡಿಗಳನ್ನು ಹೊರೆ ಕಟ್ಟಿ ಮನೆಗೆ ತಂದು ಆರಾಮವಾಗಿ ತೊಗಟೆ ಸುಲಿಯುತ್ತೇವೆ. ಆದರೆ ಹೊರೆಗಟ್ಟಲೆ ನಾರಿನ ಗಿಡ ಹೊತ್ತು ತಂದರೆ ಹಗ್ಗ ಹೊಸೆದು ಕಾಡಿಗೆ ಕಳಿಸುತ್ತಾಳೆ ಎಂದು ಗೇಟಿನಲ್ಲಿ ಕಿತ್ತುಕೊಳ್ಳುತ್ತಾರೆ. ಹಾಗಾಗಿ ನೀರಿನ ದಂಡೆಯಲ್ಲೇ ಕೂತು ಸರಸರನೆ ಸುಲಿದೆ. ತೊಗಟೆಯನ್ನು ಕೆಸುವಿನ ಎಲೆಯ ಒಳಗಿಟ್ಟು ಬುಟ್ಟಿಗೆ ಹಾಕಿಕೊಂಡೆ. ಸುಲಿದ ಕಡ್ಡಿಗಳು ಬಿಳಿಬಿಳಿಯಾಗಿ ಕಲ್ಲಿನ ಪಕ್ಕ ಬಿದ್ದಿದ್ದವು, ಅಲ್ಲೇ ಬಿಟ್ಟೆ. ಅವನ್ನು ಹೂತಿಡಬೇಕಿತ್ತು ಎಂದು ಈಗ ಯಾರಾದರೂ ಅಂದರೆ ಅವರ ಬಾಯಿಗೆ ಹೊಡೆಯುತ್ತೇನೆ. ಮನೆಯಲ್ಲಿ ಮಗು ಸಾಯುತ್ತಿತ್ತು, ಸೀಟಿ ಊದುವ ಹೊತ್ತಾಗಿತ್ತು.

ನ್ಕುಯ್ ಒಬ್ಬಳಿಗಾಗಿ ಬೇಯಿಸುವ ಪದ್ಧತಿ ನಮ್ಮಲ್ಲಿಲ್ಲ. ಕೂಸು ಹುಟ್ಟಿದ ಮನೆಯಲ್ಲಿ ಮಡಕೆ ಇಟ್ಟರೆ ದಾರಿಯಲ್ಲಿ ಹೋಗುವವನೂ ಒಳಗೆ ಬಂದು ಕೈ ಅದ್ದಬಹುದು. ಅದನ್ನು ಉಂಡವರೆಲ್ಲ ಆ ಕೂಸಿನ ಜನ. ಬೇಡ ಎನ್ನುವ ಹಾಗಿಲ್ಲ. ನೀರಿನಲ್ಲಿ ತೊಗಟೆಯನ್ನು ಹಿಸುಕಿ ಹಿಸುಕಿ ಲೋಳೆ ತೆಗೆದೆ. ಮೆಲಿ ಎಲ್ಲಿಂದಲೋ ಒಂದು ಹಿಡಿ ಮಸಾಲೆ ತಂದಳು, ಇನ್ನೊಬ್ಬಳು ಉಪ್ಪು ತಂದಳು. ನಾನು ಹಬ್ಬ ಮಾಡುತ್ತಿದ್ದೇನೆಂದಿದ್ದಳಲ್ಲ, ಅವಳೇ ಜೋಳದ ಹಿಟ್ಟು ತಂದು ಮುದ್ದೆ ತಿರುವಲು ಕೂತಳು. ಒಲೆಯ ಮುಂದೆ ಅತ್ತೆಯದೊಂದೇ ರಾಗ.

"ಅಪ್ಪನ ಸೌದೆ ಇಲ್ಲದ ನ್ಕುಯ್. ಈ ಕಾಲಕ್ಕೆ ಬೆಂಕಿ ಹಾಕ. ಕಸಕಡ್ಡಿ ಉರಿಸಿ ಬಾಣಂತಿ ಅಡುಗೆ."

ಅವರು ಅಂದದ್ದು ಸುಳ್ಳಲ್ಲ. ನಮ್ಮ ಕಡೆ ನ್ಕುಯ್ ಬೇಯಿಸುವ ಸೌದೆಯನ್ನು ಕೂಸಿನ ಅಪ್ಪನೇ ತರಬೇಕು. ತನ್ನ ಕೈಯಾರೆ ಕಡಿದು, ಗಂಟಿಲ್ಲದ ಹೋಳುಗಳನ್ನೇ ಆರಿಸಿ, ಹೊರೆ ಕಟ್ಟಿ ತಾನೇ ಹೊತ್ತು ತಂದು ಬಾಗಿಲಲ್ಲಿ ಇಳಿಸಬೇಕು. ಅದನ್ನು ಇಳಿಸಿದ ಮೇಲೇ ಅವನು ಅಪ್ಪ. ಎಂಥ ಸೋಮಾರಿಯೂ ಆ ಒಂದು ಹೊರೆ ತಪ್ಪಿಸುವುದಿಲ್ಲ. ನನ್ನ ಮೂರಕ್ಕೂ ನುಬಿಸಿ ತಂದಿದ್ದ.

ಮಡಕೆ ಇಳಿಸುವ ಹೊತ್ತಿಗೆ ಚುಯೆಂತೆಯೂ ಬಂದ. ಹೆಂಗಸರೆಲ್ಲ ಪಕ್ಕಕ್ಕೆ ಸರಿದರು. ಅವನು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ. ನನಗೆ ಅವನಿಗೆ ಬಡಿಸಲು ಮನಸ್ಸೇ ಇರಲಿಲ್ಲ. ಆದರೆ ಬಂದವನಿಗೆ ಇಲ್ಲ ಎನ್ನಬಾರದು. ಒಂದು ಮುದ್ದೆ, ಒಂದು ಬಟ್ಟಲು ಸಾರು ಮುಂದಿಟ್ಟೆ. ಎರಡು ಬೆರಳಲ್ಲಿ ಲೋಳೆಯನ್ನು ಸುತ್ತಿ ಕತ್ತರಿಸುತ್ತ, ತಲೆ ಎತ್ತದೆ ಉಂಡ. ಕೈ ನೆಕ್ಕಿಕೊಂಡು, "ಚೆನ್ನಾಗಿದೆ" ಎಂದಷ್ಟೇ ಹೇಳಿ ಹೋದ.

ಆಮೇಲೆ ಶುರುವಾಯಿತು ನನ್ನ ಕೆಲಸ. ಬೆಳಿಗ್ಗೆ ನ್ಕುಯ್, ಸಂಜೆ ನ್ಕುಯ್. ಮಗುವನ್ನು ಹಗಲೂ ರಾತ್ರಿ ಒಣ ಮೊಲೆಗೆ ಅಂಟಿಸಿಕೊಂಡೇ ಇದ್ದೆ. ತೊಟ್ಟು ಒಡೆದು ರಕ್ತ ಬಂತು. ಮಗು ಎಳೆದು ಎಳೆದು ಏನೂ ಸಿಗದೆ ನನ್ನ ಎದೆಗೆ ತಲೆ ಗುದ್ದುತ್ತಿತ್ತು. ಮೆಲಿ ದಿನಕ್ಕೊಮ್ಮೆ ಕೊಟ್ಟ ಹಾಲಿನಲ್ಲಿ ಅದರ ಜೀವ ನೂಲಿನಂತೆ ತೂಗಾಡುತ್ತಿತ್ತು. ತೊಗಟೆ ಮುಗಿದಂತೆಲ್ಲ ಮತ್ತೆ ಹಳ್ಳಕ್ಕೆ ಹೋದೆ, ಮತ್ತೆ ದಂಡೆಯಲ್ಲೇ ಸುಲಿದೆ. ಸುಲಿದ ಕಡ್ಡಿಗಳ ಗುಡ್ಡೆ ದೊಡ್ಡದಾಯಿತು. ಗೇಟಿನ ಸಿಪಾಯಿ ನನ್ನ ಬುಟ್ಟಿಗೆ ಕೈ ಹಾಕಿ ಲೋಳೆ ಅಂಟಿಸಿಕೊಂಡು ಥೂ ಎಂದು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಅವನು ಬುಟ್ಟಿ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಜೋಳ ಕುಟ್ಟುತ್ತಿದ್ದೆ. ಎದೆಯಲ್ಲಿ ಇರುವೆ ಹರಿದಂತಾಯಿತು. ಬಟ್ಟೆ ಒದ್ದೆಯಾಗಿತ್ತು. ಒನಕೆ ಅಲ್ಲೇ ಬಿಟ್ಟು ಒಳಗೆ ಓಡಿ ಮಗುವನ್ನು ಎತ್ತಿಕೊಂಡೆ. ಅದು ಬಾಯಿ ಹಾಕಿದ್ದೇ ತಡ, ಗಂಟಲಲ್ಲಿ ಗುಟಕ್ ಎಂದಿತು. ಕೆಮ್ಮಿತು, ಮತ್ತೆ ಎಳೆಯಿತು, ಮತ್ತೆ ಗುಟಕ್. ನಾನು ಮೂರು ಹೆತ್ತಾಗಲೂ ಅಷ್ಟು ಸಂತೋಷ ಪಟ್ಟವಳಲ್ಲ. ಅತ್ತೆ ತೆವಳಿಕೊಂಡು ಹತ್ತಿರ ಬಂದು ನನ್ನ ಮೊಲೆಯಿಂದ ಒಂದು ಹನಿ ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಹಚ್ಚಿಕೊಂಡರು.

"ಹಾಲೇ ಕಣೇ," ಎಂದರು. "ಇನ್ನು ಇದಕ್ಕೆ ಹೆಸರಿಡಬಹುದು. ನನ್ನ ಹೆಸರೇ ಇರಲಿ. ನಾನಿನ್ನು ಎಷ್ಟು ದಿನ ಅದನ್ನ ಹೊತ್ಕೊಂಡು ತಿರುಗಲಿ?"

ಹೀಗೆ ಅವಳು ಮಾವಾಬೊ ಆದಳು. ಆ ರಾತ್ರಿ ಜುಯ್ಜೆಯ ನೆನಪಾಗಿ ತುಂಬ ಅತ್ತೆ. ಅವಳು ಮನೆಗೆ ಬಂದಾಗ ಹೊಟ್ಟೆಕಿಚ್ಚಿನಿಂದ ಅವಳ ಸಾರಿಗೆ ಎರಡು ಪಾಲು ಉಪ್ಪು ಸುರಿದವಳು ನಾನು. ಅವಳ ಮಗು ಈಗ ನನ್ನ ಮೈಯಿಂದ ಹಾಲು ಕುಡಿಯುತ್ತಿತ್ತು. ಅವಳಿದ್ದಿದ್ದರೆ ಇಬ್ಬರೂ ಕೂತು ಅದಕ್ಕೆ ನಗುತ್ತಿದ್ದೆವು.

ಮಾವಾಬೊಳ ಕೆನ್ನೆ ತುಂಬತೊಡಗಿತ್ತು. ಒಂದು ದಿನ ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ, ಕಂದಕದ ಕಡೆಯಿಂದ ಕೂಗಾಟ ಕೇಳಿಸಿತು. ಗುಂಡಿನ ಸದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಚುಯೆಂತೆ ನಮ್ಮ ಗುಡಿಸಲಿಗೆ ನುಗ್ಗಿದ. ನನ್ನನ್ನು ಬಾಗಿಲಾಚೆ ಎಳೆದುಕೊಂಡು, ಅತ್ತೆಗೆ ಕೇಳಿಸದ ಹಾಗೆ ಪಿಸುಗುಟ್ಟಿದ.

"ಒಬ್ಬನ್ನ ಹಿಡಿದಿದಾರೆ. ತಂತಿ ಹತ್ರ ಬರ್ತಿದ್ದ. ಕೋವಿಯಿಲ್ಲ, ಕತ್ತಿಯಿಲ್ಲ. ಹೆಗಲ ಮೇಲೆ ಸೌದೆ ಹೊರೆ." ಅವನು ನನ್ನ ಕಣ್ಣನ್ನೇ ನೋಡಿದ. "ಗಂಟಿಲ್ಲದ ಸೌದೆ, ಮಾಕಾಮ್ತೆ."

ಹಳ್ಳದ ದಂಡೆಯ ಬಿಳಿ ಕಡ್ಡಿಗಳು ಕಣ್ಣ ಮುಂದೆ ಬಂದವು. ನಮ್ಮ ಹಳ್ಳದಲ್ಲಿ ನ್ಕುಯ್ ಸುಲಿದಿದ್ದಾರೆಂದರೆ ನಮ್ಮ ಮನೆಯಲ್ಲಿ ಕೂಸು ಹುಟ್ಟಿದೆ ಎಂದೇ ಅರ್ಥ. ಅದನ್ನು ನೋಡಿ ನುಬಿಸಿ ಸೌದೆ ಕಡಿಯಲು ಕೂತಿದ್ದಾನೆ. ಸುತ್ತ ಯುದ್ಧ ನಡೆಯುತ್ತಿದೆ, ಕಂಡಲ್ಲಿ ಗುಂಡು ಹೊಡೆಯುತ್ತಾರೆ, ಈ ಮನುಷ್ಯ ಗಂಟಿಲ್ಲದ ಹೋಳು ಆರಿಸಿ ಹೊರೆ ಕಟ್ಟಿಕೊಂಡು ಮುಳ್ಳುತಂತಿಯ ಹತ್ತಿರ ನಡೆದು ಬಂದಿದ್ದಾನೆ. ಇಂಥ ದಡ್ಡತನವನ್ನು ನಮ್ಮವರ ಹೊರತು ಇನ್ಯಾರು ಮಾಡುತ್ತಾರೆ?

"ಎಲ್ಲರನ್ನೂ ಗೇಟಿಗೆ ಕರೀತಿದಾರೆ," ಎಂದ ಚುಯೆಂತೆ. "ಅವನನ್ನ ಯಾರು ಗುರುತು ಹಿಡೀತಾರೋ ಅವರ ಮನೆಯೋರೆಲ್ಲ ಲಾರಿಗೆ. ಮಕ್ಕಳನ್ನ ಜೊತೇಲಿ ಕಳಿಸಲ್ಲ. ಕೇಳಿಸ್ಕೊಂಡ್ಯಾ? ಅತ್ತೇನ ಒಳಗೇ ಮಲಗಿಸು. ಜ್ವರ ಅಂತ ನಾನು ಹೇಳ್ತೀನಿ."

"ನೀನು ಯಾರ ಕಡೆ, ಚುಯೆಂತೆ?"

"ನಾನು ಉಂಡಿದೀನಲ್ಲ," ಎಂದು ಹೊರಟುಹೋದ.

ಅತ್ತೆಗೆ ಯಾರೋ ಕಳ್ಳ ಸಿಕ್ಕಿದ್ದಾನೆ ಎಂದು ಸುಳ್ಳು ಹೇಳಿ ಕಂಬಳಿ ಹೊದಿಸಿದೆ. ಮಗುವನ್ನು ಎತ್ತಿಕೊಂಡು ಹೋಗಿ ಸಾಲಿನಲ್ಲಿ ನಿಂತೆ.

ಅವನನ್ನು ಗೇಟಿನ ಮುಂದೆ ಮಂಡಿಯೂರಿಸಿದ್ದರು. ಕೈ ಹಿಂದಕ್ಕೆ ಕಟ್ಟಿದ್ದರು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಗಡ್ಡ ಎದೆಯವರೆಗೆ ಬೆಳೆದಿತ್ತು. ಹೊರೆ ಬಿಚ್ಚಿ ಎರಡು ಹೋಳುಗಳನ್ನು ಸಿಪಾಯಿಗಳು ಆಗಲೇ ತಮ್ಮ ಕಾಫಿಯ ಒಲೆಗೆ ತುರುಕಿದ್ದರು. ಬಿಳಿ ಕಪ್ತಾನ ಕುರ್ಚಿಯಲ್ಲಿ ಕೂತಿದ್ದ. ಅವನ ಮಾತನ್ನು ನಮಗೆ, ನಮ್ಮ ಮಾತನ್ನು ಅವನಿಗೆ ಹೇಳುವ ಕೆಲಸ ಚುಯೆಂತೆಯದು.

ಸೌದೆ ಯಾರಿಗೆ ಎಂದು ಕಪ್ತಾನ ಕೇಳಿಸಿದ.

"ಮಾರೋಕೆ ತಂದೆ," ಎಂದ ನುಬಿಸಿ. "ಹಳ್ಳದ ಹತ್ರ ಯಾರೋ ನ್ಕುಯ್ ಸುಲಿದು ಹಾಕಿದ್ರು. ಒಲೆಗೆ ಸೌದೆ ಬೇಕಾಗಿರುತ್ತೆ, ನಾಲ್ಕು ಕಾಸು ಸಿಗುತ್ತೆ ಅಂದ್ಕೊಂಡೆ."

ಇವನು ಸೌದೆ ಮಾರುವವನು ಎಂದಷ್ಟೇ ಚುಯೆಂತೆ ಕಪ್ತಾನನಿಗೆ ಹೇಳಿದನೆಂದು ಕಾಣುತ್ತದೆ. ಅವನ ಮಾತು ತೀರ ಚಿಕ್ಕದಾಗಿತ್ತು. ಕಪ್ತಾನ ನಕ್ಕ.

ಒಬ್ಬೊಬ್ಬರನ್ನೇ ಮುಂದಕ್ಕೆ ಕರೆದರು. ಇವನು ಗೊತ್ತಾ? ಗೊತ್ತಿಲ್ಲ. ನಿನಗೆ? ಇಲ್ಲ. ಮೆಲಿ ಅವನ ಮದುವೆಯ ಊಟ ಉಂಡವಳು, ಕಣ್ಣೆತ್ತದೆ ಇಲ್ಲ ಎಂದಳು. ಸಾಲು ಸರಿಯುತ್ತಿದ್ದಂತೆ ಮಾವಾಬೊ ಅಳತೊಡಗಿದಳು. ಮೊಲೆಗೆ ಹಾಕಿಕೊಂಡೆ. ಹಾಗೇ ಅವನ ಮುಂದೆ ಹೋಗಿ ನಿಂತೆ.

ಅವನು ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದ. ಬೋಳು ತಲೆ ನೋಡಿದ. ಮಗುವನ್ನು ನೋಡಿದ. ನನ್ನ ಹಿಂದಿನ ಸಾಲನ್ನು ಕೊನೆಯವರೆಗೂ ನೋಡಿದ, ಅಲ್ಲಿ ಜುಯ್ಜೆ ಇರಲಿಲ್ಲ. ಮತ್ತೆ ನನ್ನ ಎದೆಯ ಕಡೆ ನೋಡಿದ. ಆಮೇಲೆ ಚುಯೆಂತೆಯ ಕಡೆ ತಿರುಗಿ ಗೇಲಿಯ ದನಿಯಲ್ಲಿ ಮಾತಾಡಿದ.

"ಏ ಮುಖಂಡ, ನಿಮ್ಮ ಕ್ಯಾಂಪಲ್ಲಿ ಹರೇದ ಹೆಂಗಸ್ರಿಗೆ ಬರಗಾಲ ಬಂದಿದೆಯಾ? ಇಂಥ ವಯಸ್ಸಾದೋಳ ಕೈಲಿ ಮೊಲೆ ಕೊಡಿಸ್ತಿದೀರಲ್ಲ."

ನನಗೆ ಅರ್ಥವಾಯಿತು. ಅವನು ಜುಯ್ಜೆ ಎಲ್ಲಿ ಎಂದು ಕೇಳುತ್ತಿದ್ದ. ನಾನೂ ಸೊಂಟಕ್ಕೆ ಕೈಯಿಟ್ಟೆ.

"ಹೆತ್ತೋಳು ಮಣ್ಣಿಗೆ ಹೋದ್ಲು. ಹೆತ್ತು ವಾರವೂ ಆಗಿರಲಿಲ್ಲ, ಜ್ವರ ಬಂತು. ಕೂಸನ್ನೂ ಅವಳ ಜೊತೆ ಹೂಳಬೇಕಿತ್ತಾ? ದಾರೀಲಿ ಹೋಗೋನು ನೀನು, ನಿಂಗ್ಯಾಕೆ ಆ ಉಸಾಬರಿ?"

ಅವನು ನೆಲ ನೋಡಿದ. ಇಬ್ಬರೂ ಏನು ಹೇಳುತ್ತಿದ್ದಾರೆ ಎಂದು ಕಪ್ತಾನ ಕೇಳಿದ್ದಿರಬೇಕು, ಚುಯೆಂತೆ ಕೈ ಆಡಿಸುತ್ತ ಏನೋ ಉತ್ತರಿಸಿದ. ಬೈದಾಡುತ್ತಿದ್ದಾರೆ ಎಂದಿರಬೇಕು. ಸಿಪಾಯಿಗಳಿಗೆ ಮೋಜು ಅನ್ನಿಸಿ ಹತ್ತಿರ ಬಂದು ನಿಂತರು.

"ಒಣಗಿದ ಸೋರೆಬುರುಡೆ ಅದು," ಎಂದ ನುಬಿಸಿ. ದನಿ ಒಡೆದಿತ್ತು. "ಅದ್ರಲ್ಲಿ ಏನು ಬರುತ್ತೆ ಅಂತ ಕುಡಿಸ್ತಿದೀಯ? ಕೂಸನ್ನ ಉಪವಾಸ ಸಾಯಿಸ್ತೀಯ ನೀನು."

ನಾನು ಮಗುವಿನ ಬಾಯಿಂದ ಮೊಲೆ ಬಿಡಿಸಿ ಅವನೆದುರಿಗೆ ಹಿಂಡಿದೆ. ಹಾಲು ಎಳೆಯಾಗಿ ಚಿಮ್ಮಿ ಅವನ ಮಂಡಿಯ ಮುಂದಿನ ಧೂಳಿನಲ್ಲಿ ಬಿತ್ತು. ಸಿಪಾಯಿಗಳು ಸಿಳ್ಳೆ ಹಾಕಿ ನಕ್ಕರು.

"ಇದು ಬರುತ್ತೆ. ಒಂದು ಕಣ್ಣಾದ್ರೂ ಇದೆಯಲ್ಲ, ನೋಡ್ಕೋ. ನನ್ನ ಮಾವಾಬೊಗೆ ಹೊಟ್ಟೆ ಬಿರಿಯೋವಷ್ಟು ಬರುತ್ತೆ."

ಮಾವಾಬೊ ಎಂಬ ಹೆಸರು ಕೇಳಿ ಅವನು ಮತ್ತೆ ಮಗುವಿನ ಕಡೆ ನೋಡಿದ. ಅವನ ಅವ್ವನ ಹೆಸರು. ಕೂಸು ಹೆಣ್ಣು ಎಂದು ತಿಳಿಯಿತು, ಅವ್ವ ಬದುಕಿದ್ದಾಳೆ, ಹೆಸರು ಕೊಟ್ಟಿದ್ದಾಳೆ ಎಂದೂ ತಿಳಿದಿರಬಹುದು. ನನಗೆ ಇನ್ನೂ ಹೇಳಬೇಕಿತ್ತು. ಅವಳ ಕಿವಿ ನಿನ್ನದೇ ಕಿವಿ, ಮೂಗು ಮಾತ್ರ ಜುಯ್ಜೆಯದು ಎಂದು ಹೇಳಬೇಕಿತ್ತು. ಅದನ್ನೆಲ್ಲ ಬೈಗುಳ ಮಾಡಿ ಹೇಳುವಷ್ಟು ಜಾಣತನ ನನಗೆ ಆ ಹೊತ್ತಿನಲ್ಲಿ ಬರಲಿಲ್ಲ.

"ಹಂಗಾದ್ರೆ ಸರಿ," ಎಂದ ಅವನು. "ಕುಡಿಸ್ಕೋ, ಮುದುಕಿ."

ಮನೆಯಲ್ಲಿ ಜಗಳವಾದಾಗಲೆಲ್ಲ ಅವನು ನನ್ನನ್ನು ಮುದುಕಿ ಎನ್ನುತ್ತಿದ್ದ. ಜುಯ್ಜೆ ಬಂದ ಮೇಲಂತೂ ದಿನಾ. ಆಗೆಲ್ಲ ಪಾತ್ರೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಅಂದು ಆ ಮಾತು ಇನ್ನೊಂದು ಸಲ ಹೇಳಲಿ ಎಂದು ನಿಂತೆ.

ಕಪ್ತಾನನಿಗೆ ತಮಾಷೆ ಸಾಕಾಗಿತ್ತು. ಚುಯೆಂತೆಯ ಮೂಲಕ ನೇರವಾಗಿ ಕೇಳಿಸಿದ.

"ಇವನು ನಿಂಗೆ ಗೊತ್ತಾ?"

"ಗೊತ್ತಿಲ್ಲ," ಎಂದೆ.

"ನಿಂಗೆ ಇವಳು ಗೊತ್ತಾ?"

"ಇಂಥ ಬಾಯಿಬಡುಕಿ ಗೊತ್ತಿದ್ದಿದ್ರೆ ಈ ಕಡೆ ತಲೆ ಹಾಕಿ ಮಲಗ್ತಿರಲಿಲ್ಲ," ಎಂದ ನುಬಿಸಿ.

ನನ್ನನ್ನು ಪಕ್ಕಕ್ಕೆ ತಳ್ಳಿದರು. ಉಳಿದವರನ್ನೂ ಕೇಳಿದರು. ಇಡೀ ಸಾಲಿನಲ್ಲಿ ಒಬ್ಬರೂ ಅವನನ್ನು ಗುರುತು ಹಿಡಿಯಲಿಲ್ಲ. ಯಾರಿಗೂ ಗೊತ್ತಿಲ್ಲದವನು ಕಾಡಿನವನೇ ಇರಬೇಕು ಎಂದು ಕಪ್ತಾನ ಎದ್ದು ಟೋಪಿ ಹಾಕಿಕೊಂಡ. ನುಬಿಸಿಯನ್ನು ಎಬ್ಬಿಸಿ ನಿಲ್ಲಿಸಿದರು. ಅವನು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಕುಂಟುತ್ತ ಅವರ ಮುಂದೆ ನಡೆದು ಹಳೆಯ ದಾಸ್ತಾನು ಮನೆಯ ಹಿಂದಕ್ಕೆ ಹೋದ.

ನಮ್ಮನ್ನು ಕದಲಬೇಡಿ ಎಂದು ನಿಲ್ಲಿಸಿದ್ದರು. ಯಾರ ಕಣ್ಣಲ್ಲಿ ನೀರು ಬರುತ್ತದೆ ಎಂದು ಒಬ್ಬ ಸಿಪಾಯಿ ಸಾಲಿನ ಉದ್ದಕ್ಕೂ ಮುಖ ನೋಡುತ್ತ ಬರುತ್ತಿದ್ದ. ನಾನು ಮಗುವನ್ನೇ ನೋಡುತ್ತ ನಿಂತೆ. ಅವಳು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು.

ಗುಂಡಿನ ಸದ್ದಾಯಿತು. ಮಾವಾಬೊ ಬೆಚ್ಚಿಬಿದ್ದು ಮೊಲೆ ಬಿಟ್ಟಳು. ಹಾಲು ನಿಲ್ಲದೆ ಅವಳ ಕೆನ್ನೆಯ ಮೇಲೆ, ಕಿವಿಯ ಮೇಲೆ ಸುರಿಯಿತು. ಸಿಪಾಯಿ ನನ್ನ ಮುಂದೆ ಬಂದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಸೆರಗಿನಿಂದ ಅವಳ ಕೆನ್ನೆ ಒರೆಸಿ, ತೊಟ್ಟನ್ನು ಮತ್ತೆ ಅವಳ ಬಾಯಿಗಿಟ್ಟೆ.